ಬೆಳಗಿನ ಡಬ್ಬಿಯ ಮೊಳಕೆಕಾಳು

ಮೊಳಕೆ ಕಟ್ಟುವ ಬಟ್ಟೆ ಹಳೆಯದಾಗಿರಬೇಕು. ಹೊಸ ಬಟ್ಟೆಯಲ್ಲಿ ಗಂಜಿ ಇರುತ್ತದೆ, ನೀರು ಸರಿಯಾಗಿ ಬಸಿಯುವುದಿಲ್ಲ, ಕಾಳು ಬೆವೆತು ಲೋಳೆಯಾಗುತ್ತದೆ. ನಮ್ಮ ಮನೆಯಲ್ಲಿದ್ದದ್ದು ನಮ್ಮ ಯಜಮಾನರ ಹಳೇ ಪಂಚೆಯ ತುಂಡು. ಒಗೆದೂ ಒಗೆದೂ ಮೆತ್ತಗಾಗಿ, ಹುರುಳಿಯ ಬಣ್ಣ ಹಿಡಿದು, ಎಷ್ಟು ತಿಕ್ಕಿದರೂ ಬೆಳ್ಳಗಾಗದೆ ಉಳಿದಿತ್ತು. ಅವರು ಹೋದ ಮೇಲೆ ಅವರ ಬಟ್ಟೆಗಳನ್ನೆಲ್ಲ ಮಗಳು ಮೂಟೆ ಕಟ್ಟಿ ಯಾರಿಗೋ ಕೊಟ್ಟುಬಿಟ್ಟಳು. ಈ ತುಂಡು ಅಡಿಗೆಮನೆಯ ಗೂಟದಲ್ಲಿ ನೇತಾಡುತ್ತಿದ್ದರಿಂದ ಅವಳ ಕಣ್ಣಿಗೆ ಬೀಳಲಿಲ್ಲ. ನನ್ನ ಕಣ್ಣಿಗೆ ದಿನಾ ಬೀಳುತ್ತಿತ್ತು. ಬಿದ್ದರೂ ಏನೂ ಅನ್ನಿಸುತ್ತಿರಲಿಲ್ಲ.

ನಾನು ಕಡೂರಿನಲ್ಲಿ ಮೂವತ್ತು ವರ್ಷ ಅಂಗನವಾಡಿ ಟೀಚರಾಗಿದ್ದವಳು. ಮಕ್ಕಳಿಗೆ ಹಾಡು, ತಾಯಂದಿರಿಗೆ ಪಾಠ. ಪಾಠ ಅಂದರೆ ಮುಖ್ಯವಾಗಿ ಮೊಳಕೆಕಾಳಿನ ಪಾಠ. ಗೋಡೆಯ ಚಾರ್ಟಿನಲ್ಲಿ ಒಂದು ಬಟ್ಟಲು ಹೆಸರುಕಾಳು ಬಾಲ ಬಿಟ್ಟುಕೊಂಡು ಕೂತಿತ್ತು. ಅದನ್ನು ಕೋಲಿನಿಂದ ತೋರಿಸಿ ತೋರಿಸಿ ಆ ಜಾಗದ ಬಣ್ಣವೇ ಹೋಗಿತ್ತು. ಮಗುವಿಗೆ ತೂಕ ಬರಲಿಲ್ಲವೇ, ಮೊಳಕೆಕಾಳು. ಬಸುರಿಗೆ ರಕ್ತ ಕಡಿಮೆಯೇ, ಮೊಳಕೆಕಾಳು. ಬೆನ್ನ ಹಿಂದೆ ಹೆಂಗಸರು ನನ್ನನ್ನು ‘ಮೊಳಕೆ ಟೀಚರ್’ ಅನ್ನುತ್ತಿದ್ದರೆಂದು ಗೊತ್ತಿತ್ತು. ಅಂದುಕೊಳ್ಳಲಿ ಅಂತ ಬಿಟ್ಟಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೆ ಅದರ ಬಗ್ಗೆ ಜಂಬವೇ ಇತ್ತು.

ನಮ್ಮ ಯಜಮಾನರು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಕಡೂರು, ಬೀರೂರು, ಅಜ್ಜಂಪುರ, ತರೀಕೆರೆ, ಇಷ್ಟರಲ್ಲೇ ಅವರ ಸರ್ವೀಸೆಲ್ಲ ಸುತ್ತಿ ಮುಗಿಯಿತು. ಪ್ರತಿ ಸ್ಟ್ಯಾಂಡಿನಲ್ಲೂ ಅವರಿಗೊಂದು ಹೋಟೆಲು, ಪ್ರತಿ ಹೋಟೆಲಿನಲ್ಲೂ ಒಂದು ತಿಂಡಿ. ಬೀರೂರಿನಲ್ಲಿ ಇಳಿದರೆ ಉದ್ದಿನವಡೆ, ಅಜ್ಜಂಪುರದಲ್ಲಿ ಮಂಡಕ್ಕಿ ಒಗ್ಗರಣೆ, ತರೀಕೆರೆಯಲ್ಲಿ ಪಡ್ಡು. ಇಷ್ಟಾಗಿ ಮನೆಗೆ ಬಂದು ಮುದ್ದೆಯನ್ನೂ ಬಿಡುತ್ತಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಅವರಿಗೆ ಆ ಗಾದೆಯ ಎರಡನೇ ಅರ್ಧ ಮಾತ್ರ ಒದಗಿ ಬಂದಿತ್ತು. ಬಸ್ಸಿನಲ್ಲಿ ಯಾರು ಕೂಗಾಡಿದರೂ, ಮನೆಯಲ್ಲಿ ನಾನು ಕೂಗಾಡಿದರೂ, “ಆಯ್ತು ಬಿಡು” ಅನ್ನುವುದರಲ್ಲಿ ಎಲ್ಲವನ್ನೂ ಮುಗಿಸಿಬಿಡುವರು.

ರಿಟೈರಾದ ವರ್ಷವೇ ಶುಗರ್ ಅಂತ ಗೊತ್ತಾಯಿತು. ಕಾಯಿಲೆ ಎಷ್ಟೋ ಮೊದಲಿಂದ ಇತ್ತಂತೆ, ಗೊತ್ತಾದದ್ದು ಆಗ. ಜೊತೆಗೆ ಬಿ.ಪಿ. ಡಾಕ್ಟರು ಮಾತ್ರೆ ಬರೆದುಕೊಟ್ಟು, ಬೆಳಿಗ್ಗೆ ಎದ್ದು ನಡೆಯಿರಿ, ಬಾಯಿ ಕಟ್ಟಿ ಅಂದರು. ನಡೆಯುವುದು ಅವರ ಪಾಲಿಗೆ ಬಂತು. ಬಾಯಿ ಕಟ್ಟುವ ಕೆಲಸ ನಾನು ವಹಿಸಿಕೊಂಡೆ. ಊರ ಮಕ್ಕಳಿಗೆಲ್ಲ ಮೊಳಕೆ ತಿನ್ನಿಸಿದವಳು ಕಟ್ಟಿಕೊಂಡ ಗಂಡನಿಗೆ ತಿನ್ನಿಸದೆ ಬಿಡುತ್ತೇನೆಯೇ?

ಮೂರು ಪಾಲು ಹೆಸರುಕಾಳು, ಎರಡು ಪಾಲು ಹುರುಳಿ, ಮೇಲೆ ಒಂದು ಹಿಡಿ ಮೆಂತ್ಯ. ಹೆಸರು, ಹುರುಳಿ ಯಾರು ಬೇಕಾದರೂ ಕಟ್ಟುತ್ತಾರೆ. ಅದಕ್ಕೆ ಮೆಂತ್ಯ ಬೆರೆಸಿದ್ದು ನನ್ನ ಸ್ವಂತ ಬುದ್ಧಿ, ಶುಗರಿಗೆ ಒಳ್ಳೆಯದು ಅಂತ ಎಲ್ಲೋ ಕೇಳಿದ್ದೆ. ಹುರುಳಿಯನ್ನು ಮೊರದಲ್ಲಿ ಹರಡಿ ಕಲ್ಲು ಆರಿಸುವುದೇ ಒಂದು ಕೆಲಸ, ಕಲ್ಲಿಗೂ ಕಾಳಿಗೂ ಒಂದೇ ಬಣ್ಣ. ಹುರುಳಿ ನಿಧಾನ, ಹೆಸರು ಅವಸರದ್ದು. ಆದ್ದರಿಂದ ಹುರುಳಿಯನ್ನು ಅರ್ಧ ದಿನ ಮೊದಲೇ ನೀರಿಗೆ ಹಾಕಬೇಕು. ನೆಂದ ಮೇಲೆ ಬಸಿದು, ನೆನೆಯದೆ ಕಲ್ಲಿನ ಹಾಗೆ ಉಳಿದ ಕಾಳನ್ನು ಬೆರಳಿನಿಂದಲೇ ಗುರುತು ಹಿಡಿದು ತೆಗೆದು, ಬಟ್ಟೆಯಲ್ಲಿ ಬಿಗಿಯಾಗಿ ಗಂಟು ಕಟ್ಟಿ, ಬಿದಿರು ಕುಕ್ಕೆಯಲ್ಲಿಟ್ಟು ಮೇಲೆ ರುಬ್ಬುವ ಗುಂಡನ್ನು ಹೇರುತ್ತಿದ್ದೆ. ಭಾರ ಬಿದ್ದರೆ ಮೊಳಕೆ ದಪ್ಪಗೆ ಬರುತ್ತದೆ. ಬೇಸಿಗೆಯಲ್ಲಿ ಮೂರು ಹೊತ್ತೂ ಗಂಟಿಗೆ ನೀರು ಚಿಮುಕಿಸದಿದ್ದರೆ ವಾಸನೆ ಹಿಡಿಯುತ್ತದೆ. ಚಳಿಗಾಲದಲ್ಲಿ ಅನ್ನದ ಬಿಸಿ ಪಾತ್ರೆಯ ಪಕ್ಕ ಇಟ್ಟು ಹಳೇ ಕಂಬಳಿ ಹೊದಿಸುತ್ತಿದ್ದೆ. ಒಂದು ಗಂಟು ಮುಗಿಯುವ ಹೊತ್ತಿಗೆ ಇನ್ನೊಂದು ತಯಾರಾಗಿರಬೇಕು. ಹೀಗೆ ಮೂರು ವರ್ಷ ನಮ್ಮ ಅಡಿಗೆಮನೆಯಲ್ಲಿ ಗಂಟಿಲ್ಲದ ದಿನವಿರಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಮನೆಯಲ್ಲಿ ಅಡಿಗೆ ಮಾಡುವಾಗ ರುಚಿ ನೋಡುವ ಪದ್ಧತಿಯಿಲ್ಲ. ಸ್ನಾನ ಮಾಡಿ ಲಿಂಗಪೂಜೆ ಮುಗಿಸುವವರೆಗೆ ಹೆಂಗಸರು ಬಾಯಿಗೆ ಏನೂ ಹಾಕುವುದಿಲ್ಲ. ಉಪ್ಪು, ಹುಳಿ, ಖಾರ ಎಲ್ಲ ಕೈಯಳತೆ, ಮೂಗಿನಳತೆ. ನಮ್ಮತ್ತೆ ಸಾರು ಕುದಿಯುವ ವಾಸನೆಯಲ್ಲೇ “ಉಪ್ಪು ಸಾಲ್ದು” ಅನ್ನುತ್ತಿದ್ದರು, ಹಾಕಿದರೆ ಸರಿಹೋಗುತ್ತಿತ್ತು. ಯಜಮಾನರು ಪೂಜೆಯ ವಿಷಯದಲ್ಲಿ ಅಷ್ಟೇನು ಕಟ್ಟುನಿಟ್ಟಲ್ಲ, ಬಸ್ಸಿನ ಕೆಲಸದವರಿಗೆ ಎಲ್ಲಿಯ ಮಡಿ. ಅವರು ಐದೂವರೆಗೆ ವಾಕಿಂಗ್ ಹೊರಡುವರು. ನನ್ನ ಸ್ನಾನ, ಪೂಜೆ ಅವರು ಹೋದ ಮೇಲೆ. ಹಾಗಾಗಿ ಡಬ್ಬಿ ತುಂಬುವಾಗ ನಾನು ಒಂದು ಕಾಳನ್ನೂ ಬಾಯಿಗೆ ಹಾಕಿದವಳಲ್ಲ. ಪೂಜೆ ಮುಗಿದ ಮೇಲೆ ತಿನ್ನಬಹುದಿತ್ತು. ಅದು ಅವರ ಔಷಧಿ, ನನಗೇಕೆ ಅಂದುಕೊಂಡಿದ್ದೆ.

ಅಂಗನವಾಡಿಯಲ್ಲಿ ಮಕ್ಕಳಿಗೆ ಕಾಳನ್ನು ಒಂದು ಕುದಿ ಬೇಯಿಸಿ, ಬೆಲ್ಲ ಹಾಕಿ, ಕಾಯಿ ತುರಿದು ಕೊಡುತ್ತಿದ್ದೆವು. ಇವರಿಗೆ ಬೆಲ್ಲ ಶುಗರಿಗೆ ಆಗದು, ಉಪ್ಪು ಬಿ.ಪಿ.ಗೆ ಆಗದು, ಕಾಯಿ ಬೇಡ, ಬೇಯಿಸಿದರೆ ಸತ್ವ ಹೋಗುತ್ತದೆ. ಹಸಿಯಾಗಿ, ಬರಿದಾಗಿ, ಸ್ಟೀಲ್ ಡಬ್ಬಿಯಲ್ಲಿ ಒತ್ತಿ ತುಂಬಿ ಕೈಗೆ ಕೊಡುತ್ತಿದ್ದೆ. ನಡೆದಾದ ಮೇಲೆ ಒಂದು ಕಡೆ ಕೂತು ಚೆನ್ನಾಗಿ ಅಗಿದು ತಿನ್ನಬೇಕು ಅಂತ ಅಪ್ಪಣೆ ಬೇರೆ. ಏಳು ಗಂಟೆಗೆ ವಾಪಸು ಬರುವರು. ಡಬ್ಬಿ ಖಾಲಿಯಾಗಿರುತ್ತಿತ್ತು, ತೊಳೆದೂ ಇರುತ್ತಿತ್ತು. ಸಂಸಾರ ಹೂಡಿದ ಮೇಲೆ ಒಂದು ಲೋಟ ತೊಳೆಯದ ಮನುಷ್ಯ ಡಬ್ಬಿ ತೊಳೆದು ತರುತ್ತಾರೆ ಅಂತ ಪಕ್ಕದ ಮನೆಯವರ ಹತ್ತಿರ ಹೇಳಿಕೊಂಡಿದ್ದೆ.

“ಹೆಂಗಿತ್ತು?” ಅನ್ನುತ್ತಿದ್ದೆ.

“ಚೆನ್ನಾಗಿತ್ತು ಕಣೇ.”

ದಿನಾ ಇಷ್ಟೇ ಮಾತು. ಇದರಲ್ಲೇ ನನಗೆ ಹೊಟ್ಟೆ ತುಂಬಿದಷ್ಟು ಸಂತೋಷ.

ಶುಗರ್ ಮಾತ್ರ ಇಳಿಯಲಿಲ್ಲ. ಡಾಕ್ಟರು ಮಾತ್ರೆ ಹೆಚ್ಚು ಮಾಡಿದರು, ನಾನು ಕಾಳು ಹೆಚ್ಚು ಮಾಡಿದೆ. ಮೂರನೇ ವರ್ಷದ ಕೊನೆಯಲ್ಲಿ ಅವರ ಪಾದ ಊದಿಕೊಂಡವು. ಚಪ್ಪಲಿ ಹಿಡಿಸದೆ ಎರಡು ದಿನ ವಾಕಿಂಗ್ ತಪ್ಪಿಸಿದರು. ಸೋಮಾರಿತನ ಅಂತ ನಾನು ಬೈದೆ. ಮೂರನೇ ದಿನ ಮುಖವೂ ಊದಿಕೊಂಡಾಗ ಆಸ್ಪತ್ರೆಗೆ ಹೋದೆವು. ರಕ್ತ ತೆಗೆದರು, ಹೊಟ್ಟೆಯ ಸ್ಕ್ಯಾನಿಂಗ್ ಮಾಡಿದರು. ಎರಡು ಕಿಡ್ನಿಯೂ ಹೆಚ್ಚುಕಮ್ಮಿ ಕೆಲಸ ನಿಲ್ಲಿಸಿವೆ ಅಂದರು.

ಡಾಕ್ಟರು ಒಂದು ಚೀಟಿಯಲ್ಲಿ ಏನೇನು ತಿನ್ನಬಾರದು ಅಂತ ಬರೆಯುತ್ತಾ ಬಾಯಲ್ಲೂ ಹೇಳುತ್ತಾ ಹೋದರು. ಎಳನೀರು ಕೂಡದು, ಬಾಳೆಹಣ್ಣು ಕೂಡದು, ಕೊಬ್ಬರಿ ಕೂಡದು. ಕಡೂರಿನವನು ಎಳನೀರು, ಕೊಬ್ಬರಿ ಬಿಟ್ಟು ಇನ್ನೇನು ತಿಂದು ಬದುಕಬೇಕು ಅಂತ ಬೇರೆ ದಿನವಾಗಿದ್ದರೆ ಕೇಳುತ್ತಿದ್ದೆ.

“ಕಾಳು ಪೂರ್ತಿ ಬಿಟ್ಬಿಡಿ. ಮೊಳಕೆಕಾಳಂತೂ ಬೇಡವೇ ಬೇಡ. ಈ ಕಿಡ್ನಿಗೆ ಅದನ್ನ ತಡ್ಕೊಳ್ಳೋಕಾಗಲ್ಲ,” ಅಂದು ಅದರ ಕೆಳಗೆ ಎರಡು ಗೆರೆ ಎಳೆದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ನಾನು ಮುಟ್ಟಿ ನೋಡಿಕೊಂಡೆ. ಮೂರು ವರ್ಷ ದಿನಾ ಒಂದು ಡಬ್ಬಿ ಕೊಟ್ಟಿದ್ದೇನೆ ಸಾರ್, ಕಿಡ್ನಿ ಹೋದದ್ದು ಅದರಿಂದಲಾ? ಇದೊಂದು ಪ್ರಶ್ನೆ. ಕೇಳಿದ್ದರೆ ಅರ್ಧ ನಿಮಿಷದ ಕೆಲಸ. ಬಾಯಿ ತೆರೆದರೆ ಅವರು ಹೌದು ಅಂದುಬಿಟ್ಟರೆ ಏನು ಮಾಡಲಿ ಅಂತ ಸುಮ್ಮನೆ ಕೂತೆ. ಸಾವಿರ ತಾಯಂದಿರಿಗೆ ಉಪದೇಶ ಮಾಡಿದ ಬಾಯಿ ಅದು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ತಮ್ಮ ಹಳೇ ಅಭ್ಯಾಸದಂತೆ ಹಿಂದಿನ ಬಾಗಿಲ ಪಕ್ಕದ ಸೀಟಿನಲ್ಲೇ ಕೂತರು.

“ಕಾಳಿಂದ ಏನೂ ಆಗಿಲ್ಲ ಕಣೇ. ಸುಮ್ನೆ ತಲೆ ಕೆಡಿಸ್ಕಬ್ಯಾಡ,” ಅಂದರು.

“ನೀವೇನು ಡಾಕ್ಟ್ರಾ?” ಅಂದೆ.

ಅವರು ಇನ್ನೇನೋ ಹೇಳುವುದಕ್ಕೆ ಬಾಯಿ ತೆರೆದರು. ನನ್ನ ಮುಖ ನೋಡಿದರು. ಮತ್ತೆ ಕಿಟಕಿಯ ಕಡೆ ತಿರುಗಿದರು.

ಆವತ್ತಿನಿಂದಲೇ ನನ್ನೊಳಗೆ ಏನೋ ಮರಗಟ್ಟಿತು ಅಂತ ಕಾಣುತ್ತದೆ. ಮನೆಗೆ ಬಂದವಳು ಕುಕ್ಕೆಯಲ್ಲಿದ್ದ ಗಂಟನ್ನು ಬಿಚ್ಚಿ ಎದುರು ಮನೆಯ ಹಸುವಿಗೆ ಹಾಕಿದೆ. ಕಾಳಿನ ಡಬ್ಬಗಳನ್ನೆಲ್ಲ ಸ್ಟೂಲು ಹತ್ತಿ ಮೇಲಿನ ಅಟ್ಟಕ್ಕೆ ಇಟ್ಟೆ. ಆಮೇಲೆ ಒಂದೂಕಾಲು ವರ್ಷ ವಾರಕ್ಕೆರಡು ಸಲ ಡಯಾಲಿಸಿಸ್. ಅವರನ್ನು ಕರೆದುಕೊಂಡು ಹೋಗುವುದು, ನಾಲ್ಕು ಗಂಟೆ ಹೊರಗೆ ಬೆಂಚಿನ ಮೇಲೆ ಕೂರುವುದು, ಕರೆದುಕೊಂಡು ಬರುವುದು. ತರಕಾರಿಯನ್ನು ಸಣ್ಣಗೆ ಹೆಚ್ಚಿ ಬೇಯಿಸಿ, ನೀರು ಚೆಲ್ಲಿ, ಮತ್ತೆ ಬೇಯಿಸಿ, ಮತ್ತೆ ಚೆಲ್ಲಿ ಕೊಡುತ್ತಿದ್ದೆ. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ನಾನು ಎಲ್ಲಿದ್ದೆನೋ ಗೊತ್ತಿಲ್ಲ. ಅವರು ಸಪ್ಪೆ ತರಕಾರಿಯನ್ನು ಚಪ್ಪರಿಸಿಕೊಂಡು ತಿಂದು “ಚೆನ್ನಾಗೈತೆ” ಅನ್ನುತ್ತಿದ್ದರು. ಸಪ್ಪೆ ಅಂದರೂ ನನಗೆ ಅಷ್ಟೇ, ಚೆನ್ನಾಗಿದೆ ಅಂದರೂ ಅಷ್ಟೇ.

ಕೊನೆಯ ವಾರ ಆಸ್ಪತ್ರೆಯಲ್ಲಿ ಒಂದು ಮಧ್ಯಾಹ್ನ ಅವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಮಾತಾಡಿದರೆ ಉಬ್ಬಸ ಬರುತ್ತಿತ್ತು.

“ನಿನ್ ಕಾಳಿಂದಲ್ಲ ಕಣೇ. ನಂಗೊತ್ತು.”

“ಸುಮ್ನಿರಿ, ಮಾತಾಡ್ಬೇಡಿ ಅಂದವ್ರೆ,” ಅಂದೆ. ಸಮಾಧಾನಕ್ಕೆ ಹೇಳುತ್ತಿದ್ದಾರೆ ಅಂತ ನಾನು ತಿಳಿದದ್ದು. ಜೀವನವಿಡೀ ಜಗಳ ತಪ್ಪಿಸಿಕೊಂಡು ಬಂದ ಮನುಷ್ಯ ಸಾಯುವಾಗ ಸತ್ಯ ಹೇಳುತ್ತಾರೆಂದು ನಂಬುವುದು ಹೇಗೆ?

ಅವರು ಹೋದ ದಿನ ಗೋಡೆಗೊರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿದಾಗಲೂ ನನಗೆ ಅಳು ಬರಲಿಲ್ಲ. ಮಠದಿಂದ ಬಂದವರಿಗೆ ನೀರು ಕೊಡಿಸಿದೆ, ಅಜ್ಜಂಪುರದಿಂದ ಬಂದ ತವರಿನವರು ಎಲ್ಲಿ ಕೂರಬೇಕು ಅಂತ ಹೇಳಿದೆ, ಖಾಲಿಯಾದ ಎಣ್ಣೆ ದೀಪಕ್ಕೆ ಎಣ್ಣೆ ಹಾಕಿದೆ. ಟೀಚರಮ್ಮ ಬಹಳ ಗಟ್ಟಿ ಅಂತ ಯಾರೋ ಅಂದದ್ದು ಕೇಳಿಸಿತು. ಗಟ್ಟಿ ನಿಜ. ಎಷ್ಟು ಹೊತ್ತು ನೀರಿನಲ್ಲಿಟ್ಟರೂ ನೆನೆಯದ ಕಾಳು ಇರುತ್ತದಲ್ಲ, ಆ ಗಟ್ಟಿ.

ನಾಲಿಗೆಯೂ ಹಾಗೇ ಆಯಿತು. ಪಕ್ಕದ ಮನೆಯವರು ಪಾಪ, ಮೊಳಕೆ ಹುರುಳಿ ಸಾರು ಮಾಡಿದಾಗ ಒಂದು ಬಟ್ಟಲು ತಂದುಕೊಡುವರು. ಉಂಡೆ. ಉಪ್ಪು ಇದೆಯೋ ಇಲ್ಲವೋ ಅಂತ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ. ಬಿಸಿ, ತಣ್ಣಗೆ ಇಷ್ಟು ಗೊತ್ತಾಗುತ್ತಿತ್ತು. ಮಗಳನ್ನು ತರೀಕೆರೆಗೆ ಕೊಟ್ಟಿದ್ದೇವೆ. ಹದಿನೈದು ದಿನಕ್ಕೊಮ್ಮೆ ಬಸ್ಸು ಹತ್ತಿ ಬಂದು ನನ್ನ ಮುಖ ನೋಡಿಕೊಂಡು ಕೂರುತ್ತಿದ್ದಳು.

“ಅಮ್ಮ, ಒಂದ್ಸಲ ಅತ್ಬಿಡಮ್ಮ,” ಅಂದಳು ಒಂದು ಸಲ.

“ಬಂದ್ರೆ ಅಳ್ತೀನಿ ಕಣೇ. ಬತ್ತಿಲ್ಲ.”

“ಹಿಂಗಿದ್ರೆ ಹೆಂಗಮ್ಮ?”

“ನಾನೇ ಕಾಳು ತಿನ್ಸಿ ತಿನ್ಸಿ ನಿಮ್ಮಪ್ಪನ್ನ ಕಳ್ಕಂಡ್ನೇನೋ,” ಅಂದೆ. ಸಂತೆಗೆ ಹೋಗಿ ಬಂದೆ ಅನ್ನುವ ಹಾಗೆ ಅಂದೆ.

ಅವಳು ಹೆದರಿಕೊಂಡು ನನ್ನ ಎರಡು ಕೈಯನ್ನೂ ಹಿಡಿದಳು. “ಏನಮ್ಮ ಹಂಗಂತೀಯ. ಶುಗರಿಂದ ಆಗಿದ್ದು ಅದು. ಡಾಕ್ಟ್ರು ನಂಗೆ ಹೇಳವ್ರೆ.” ನಾನು ತಲೆಯಾಡಿಸಿದೆ. ಮಾತು ಕಿವಿಯವರೆಗೆ ಬಂತು, ಅಲ್ಲೇ ನಿಂತಿತು. ಶುಗರಿಂದ ಶುರುವಾಗಿರಬಹುದು, ಅದಕ್ಕೆ ದಿನಾ ಒಂದು ಡಬ್ಬಿ ಸೇರಿಸಿದವಳು ಯಾರು?

ಶ್ರಾವಣದಲ್ಲಿ ಮಗಳು ಬಂದವಳು ನನ್ನ ರಕ್ತವನ್ನೂ ಪರೀಕ್ಷೆ ಮಾಡಿಸಿದಳು. ನನಗೂ ಶುಗರ್ ಅಂಚಿನಲ್ಲಿದೆ ಅಂದರು. ದಿನಾ ಬೆಳಿಗ್ಗೆ ನಡೆಯಲೇಬೇಕು ಅಂತ ಅವಳ ಹಟ. “ಅಪ್ಪ ಹೋಗ್ತಿದ್ದ ದಾರೀಲೇ ಹೋಗು, ರಸ್ತೆ ಚೆನ್ನಾಗೈತೆ,” ಅಂದಳು. ಬೇಡ ಅನ್ನುವುದಕ್ಕೂ ಒಂದು ಶಕ್ತಿ ಬೇಕು. ಅದಿಲ್ಲದ್ದರಿಂದ ಹೊರಟೆ.

ಮೂರು ವರ್ಷ ಡಬ್ಬಿ ಕೊಟ್ಟು ಕಳಿಸಿದವಳು ಒಂದು ದಿನವೂ ಅವರ ಜೊತೆ ಆ ದಾರಿಯಲ್ಲಿ ನಡೆದಿರಲಿಲ್ಲ. ಸ್ಟೇಷನ್ ರಸ್ತೆ ದಾಟಿ, ತೆಂಗಿನಕಾಯಿ ಮಂಡಿಗಳ ಸಾಲು ದಾಟಿ, ಊರಾಚೆ ನೀರಿನ ಟ್ಯಾಂಕಿನವರೆಗೆ ಹೋದರೆ ಅಲ್ಲಿಗೆ ಅವರ ವಾಕಿಂಗ್ ಮುಗಿಯುತ್ತಿತ್ತಂತೆ. ಟ್ಯಾಂಕಿನ ಕೆಳಗೆ ಪಂಪ್ ಹೌಸು, ಸುತ್ತ ತಂತಿ ಬೇಲಿ, ಬೇಲಿಯ ಹೊರಗೆ ಕೂರುವುದಕ್ಕೊಂದು ಚಪ್ಪಡಿ ಕಲ್ಲು. ಕಾಲು ನೋಯುತ್ತಿತ್ತು, ಆ ಕಲ್ಲಿನ ಮೇಲೆ ಕೂತೆ.

ಬೇಲಿಯೊಳಗೆ, ಕಲ್ಲಿನ ಹಿಂದೆ, ಒಂದು ಚಾಪೆಯಗಲದ ಜಾಗದಲ್ಲಿ ಹಸಿರು ಒತ್ತಾಗಿ ಬೆಳೆದಿತ್ತು. ಮೊದಲು ಕಳೆ ಅಂದುಕೊಂಡೆ. ನೋಡಿದರೆ ಹೆಸರಿನ ಗಿಡ. ಕಾಯಿ ಕಪ್ಪಾಗಿ ಒಣಗಿ ಕೆಲವು ಸಿಡಿದಿದ್ದವು. ಅದರ ನಡುವೆ ಹುರುಳಿ ಬಳ್ಳಿ ತಂತಿಗೆ ಸುತ್ತಿಕೊಂಡು ಹತ್ತಿತ್ತು. ಯಾರೋ ಕಾಳು ಚೆಲ್ಲಿರಬೇಕು, ಬೇಲಿ ಇರುವುದರಿಂದ ಆಡು ಮೇಯ್ದಿಲ್ಲ ಅಂದುಕೊಂಡೆ. ಬುಡದಲ್ಲಿ ಮೂರೆಲೆಯ ಇನ್ನೊಂದು ಸಣ್ಣ ಗಿಡ ನಾಲ್ಕೈದು ಕಡೆ ಇತ್ತು. ಬೇಲಿಯೊಳಗೆ ಕೈ ತೂರಿಸಿ ಒಂದೆಲೆ ಕಿತ್ತು ಹೊಸಕಿ ಮೂಸಿದೆ. ಮೆಂತ್ಯ.

ಹೆಸರು, ಹುರುಳಿ, ಮೆಂತ್ಯ ಮೂರನ್ನೂ ಸೇರಿಸಿ ಬಿತ್ತುವವರು ಈ ಸೀಮೆಯಲ್ಲಿ ಯಾರೂ ಇಲ್ಲ. ಸೇರಿಸಿ ಕಟ್ಟುತ್ತಿದ್ದವಳು ಒಬ್ಬಳೇ. ಎಲೆಯನ್ನು ಬೆರಳಲ್ಲಿ ಹಿಡಿದುಕೊಂಡು ಹಾಗೇ ಕೂತಿದ್ದೆ. ಪಂಪ್ ಹೌಸಿನಿಂದ ನೀರು ಬಿಡುವವನು ಬಂದ. ಐವತ್ತರ ಆಸುಪಾಸಿನ ಮನುಷ್ಯ, ನನ್ನ ಗುರುತು ಹಿಡಿದ. ಅವನ ಮಗಳು ನಮ್ಮ ಅಂಗನವಾಡಿಗೆ ಬರುತ್ತಿದ್ದವಳು.

“ಕಂಡಕ್ಟ್ರು ಸಾರ್ ಹೋಗ್ಬುಟ್ರಂತೆ, ಬರೋಕಾಗ್ಲಿಲ್ಲ ಟೀಚರಮ್ಮ. ದಿನಾ ಈ ಕಲ್ ಮೇಲೇ ಕೂರೋರು,” ಅಂದ.

“ಈ ಗಿಡ ಯಾರು ಹಾಕಿದ್ದಪ್ಪ?” ಅಂದೆ.

ಅವನು ಹೆಗಲ ಟವೆಲಿನಿಂದ ಕೈ ಒರೆಸಿಕೊಂಡ. “ಇನ್ನೇನು, ಸಾರೇ ಇಲ್ವಲ್ಲ, ಹೇಳ್ಬೋದು. ಅವ್ರದೇ ಅದು. ಡಬ್ಬಿ ತಗ್ಯೋರು, ಒಂದ್ ನಾಕು ಕಾಳು ಬಾಯಿಗೆ ಹಾಕ್ಕಂಡು ಅಗಿಯೋರು. ಮುಖ ಹಿಂಗೆ ಕಿವುಚೋರು. ಉಳಿದಿದ್ದು ಬೇಲಿಯಿಂದಾಚೆ ಕೊಡವ್ಬುಟ್ಟು, ನಲ್ಲೀಲಿ ಡಬ್ಬಿ ತೊಳ್ಕಂಡು, ಬೈಪಾಸ್ ತಾವ ಪಡ್ಡು ತಿನ್ನಕೆ ಹೋಗೋರು.”

“ದಿನಾನಾ?”

“ದಿನಾನೇ. ಯಾಕ್ ಸಾರ್ ಹಿಂಗೆ ಅಂದ್ರೆ, ‘ಮನೇಲಿ ಗೊತ್ತಾಗ್ಬಾರ್ದು ಕಣಪ್ಪ, ಪಾಪ ಎರಡ್ ದಿನದಿಂದ ನೆನ್ಸಿ ಕಟ್ಟಿ ಮಾಡ್ತಾಳೆ’ ಅನ್ನೋರು. ಪ್ರತಿ ಮಳೇಲೂ ಅದೇ ಉದುರ್ತೈತೆ, ಅದೇ ಹುಟ್ತೈತೆ. ನಾವ್ಯಾರೂ ಕಿತ್ತಿಲ್ಲ.”

ಅವನು ವಾಲ್ವ್ ತಿರುಗಿಸುವುದಕ್ಕೆ ಹೋದ. ನನಗೆ ಸಿಟ್ಟು ಬಂತು. ಎಷ್ಟೋ ತಿಂಗಳ ಮೇಲೆ ಏನಾದರೂ ಬಂದದ್ದು ಅದೇ ಮೊದಲು. ಪಡ್ಡು ತಿನ್ನುತ್ತಿದ್ದರಂತೆ, ಪಡ್ಡು. ಜೊತೆಗೆ ಕಾಫಿಗೆ ಎರಡು ಚಮಚ ಸಕ್ಕರೆಯೂ ಇದ್ದೇ ಇರಬೇಕು. ನಾನು ಕಲ್ಲು ಆರಿಸಿ, ಗಂಟು ಕಟ್ಟಿ, ಕಂಬಳಿ ಹೊದಿಸಿದ್ದು ಬೇಲಿಯ ಬುಡಕ್ಕೆ. ಬಸ್ಸಿನಲ್ಲಿ ಬಾಯಿ ತೆರೆದು ಮುಚ್ಚಿಕೊಂಡದ್ದು ಇದಕ್ಕೆ. ಆವತ್ತು ಹೇಳಿದ್ದರೆ ಹೊಡೆಯುತ್ತಿದ್ದೆನೇ? ಕೂಗಾಡುತ್ತಿದ್ದೆ, ಅಷ್ಟೇ ತಾನೆ. ನನ್ನ ಕೂಗಿಗೆ ಹೆದರಿ ನನ್ನ ತಲೆಯ ಮೇಲೆ ಇಷ್ಟು ದೊಡ್ಡ ಕಲ್ಲು ಹೇರಿ ಹೋದರು.

ನನ್ನ ಕಾಳು ಅವರನ್ನು ಕೊಂದಿರಲಿಲ್ಲ. ನಂಗೊತ್ತು ಅಂದರಲ್ಲ, ಅವರಿಗೆ ಗೊತ್ತಿದ್ದದ್ದು ನಿಜ. ಈ ಎರಡು ಮಾತನ್ನು ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಸಮಾಧಾನ ಆಗಬೇಕಿತ್ತು. ಸಿಟ್ಟು ಇಳಿಯಿತು, ಮತ್ತೆ ಒಳಗೆಲ್ಲ ಮೊದಲಿನ ಹಾಗೇ ಬರಿದಾಯಿತು. ಸೆರಗಿನಲ್ಲಿ ಒಂದು ಹಿಡಿ ಒಣಗಿದ ಹೆಸರುಕಾಯಿ ಇತ್ತು. ಯಾವಾಗ ಕಿತ್ತೆನೋ ನೆನಪಿಲ್ಲ.

ಮಾರನೆಯ ದಿನ ಸ್ಟೂಲು ಹತ್ತಿ ಅಟ್ಟದಿಂದ ಡಬ್ಬಗಳನ್ನು ಇಳಿಸಿದೆ. ಮನೆಯಲ್ಲಿದ್ದ ಹುರುಳಿಗೆ ಹುಳ ಹಿಡಿದಿತ್ತು, ಕೇರಿ ಆರಿಸಿದಾಗ ಎರಡು ಹಿಡಿ ಒಳ್ಳೆಯದು ಸಿಕ್ಕಿತು. ಸೆರಗಿನ ಹೆಸರುಕಾಯಿ ಬಿಡಿಸಿ ಡಬ್ಬದ ಹೆಸರುಕಾಳಿಗೆ ಸೇರಿಸಿದೆ, ಡಬ್ಬದ ಮೆಂತ್ಯ ಬೆರೆಸಿದೆ. ಅದೇ ಅಳತೆ. ಯಾತಕ್ಕೆ ಮಾಡುತ್ತಿದ್ದೇನೆ ಅಂತ ಗೊತ್ತಿರಲಿಲ್ಲ. ನೆನೆಸಿ, ಬಸಿದು, ಗೂಟದಲ್ಲಿದ್ದ ಪಂಚೆಯ ತುಂಡನ್ನು ಒದ್ದೆ ಮಾಡಿ ಗಂಟು ಕಟ್ಟಿ ಕುಕ್ಕೆಯಲ್ಲಿಟ್ಟು ಗುಂಡು ಹೇರಿದೆ. ಕೈಗೆ ಎಲ್ಲ ನೆನಪಿತ್ತು.

ಮೂರನೇ ದಿನ ಬೆಳಿಗ್ಗೆ ಐದೂವರೆಗೆ ಗಂಟು ಬಿಚ್ಚಿದೆ. ಮೊಳಕೆ ದಪ್ಪಗೆ, ಬಿಳಿಯಾಗಿ, ಬಟ್ಟೆಯ ಎಳೆಯೊಳಗೆಲ್ಲ ತೂರಿಕೊಂಡು ಬಂದಿತ್ತು. ಚಾರ್ಟಿನಲ್ಲಿ ಬರೆದ ಹಾಗಿತ್ತು. ಸ್ಟೀಲ್ ಡಬ್ಬಿ ತಂದು ಅದೇ ಥರ ಒತ್ತಿ ತುಂಬಿದೆ. ತುಂಬಿ ಯಾರಿಗೆ ಕೊಡುವುದು? ಇನ್ನೂ ಸ್ನಾನವಾಗಿರಲಿಲ್ಲ, ಪೂಜೆಯಾಗಿರಲಿಲ್ಲ. ಮದುವೆಯಾಗಿ ಬಂದ ಮೇಲೆ ಆ ಹೊತ್ತಿನಲ್ಲಿ ಬಾಯಿಗೆ ಏನನ್ನೂ ಹಾಕಿದವಳಲ್ಲ. ಎಣಿಸಿ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿ ಅಗಿದೆ.

ಕಹಿ. ಮೊದಲು ಹಸಿ ವಾಸನೆ, ಆಮೇಲೆ ಲೋಳೆ, ಆಮೇಲೆ ಮೆಂತ್ಯದ ಕಹಿ ನಾಲಿಗೆಯ ಬುಡದಿಂದ ಗಂಟಲವರೆಗೆ ಹತ್ತಿತು. ಉಪ್ಪಿಲ್ಲ, ಹುಳಿಯಿಲ್ಲ, ಏನಿಲ್ಲ. ಬಚ್ಚಲಿಗೆ ಓಡಿ ಉಗಿದೆ. ನೀರು ಮುಕ್ಕಳಿಸಿದರೂ ಹೋಗಲಿಲ್ಲ. ಒಂದು ಹಸಿಮೆಣಸಿನಕಾಯಿ, ನಾಲ್ಕು ಹನಿ ನಿಂಬೆರಸ ಹಾಕಿದ್ದರೆ ಯಾವ ಬಿ.ಪಿ. ಏರುತ್ತಿತ್ತು? “ಬಾಯಿಗಿಡೋಕಾಗಲ್ಲ ಅಂತ ಹೇಳ್ಬಾರ್ದಿತ್ತೇನ್ರೀ?” ಅಂತ ಬಚ್ಚಲಲ್ಲಿ ನಿಂತು ಜೋರಾಗಿಯೇ ಕೇಳಿದೆ. ಕೇಳುತ್ತಿದ್ದ ಹಾಗೇ ಅಳು ಬಂತು. ಬಂದದ್ದು ನಿಲ್ಲಲಿಲ್ಲ, ಪಕ್ಕದ ಮನೆಯವರು ಬಂದು ಬಾಗಿಲು ಬಡಿಯುವವರೆಗೂ.

ಮೂರು ವರ್ಷ, ದಿನಾ ನಾಲ್ಕು ಕಾಳು, ಅವರು ಅಗಿದು ನುಂಗಿದ್ದರು. ನಾನು ಒಂದನ್ನೂ ತಿಂದು ನೋಡಿರಲಿಲ್ಲ.